ಸೀಟಿಗೆ ಮೀಸಲಾತಿ, ಓದಿಗೆ ಭಾಷೆಯ ತೊಡಕು

ರಾಯಚೂರು: ಸಂವಿಧಾನದ 371(ಜೆ) ವಿಧಿಯನ್ವಯ 2013ರಲ್ಲಿ ಹೊರಬಿದ್ದ ಆದೇಶವು ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಮೀಸಲಾತಿಯೂ ಉಂಟು. ಹೀಗಾಗಿ ಚಂದ್ರಬಂಡದ ಕೃಷಿ ಕುಟುಂಬದ ವಿದ್ಯಾರ್ಥಿಗೂ ಯರಮರಸ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಗಗನಕುಸುಮವೇನಲ್ಲ. ತೊಡಕಿರುವುದು ತರಗತಿಯೊಳಗೆ.

ಹತ್ತನೇ ತರಗತಿಯವರೆಗೆ ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಕಲಿತವರು ಎರಡೇ ವರ್ಷಗಳ ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊರಳಿ, ಬಳಿಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಅದೇ ಭಾಷೆಯಲ್ಲಿ ಎದುರಿಸಬೇಕು. ವಿ.ವಿ.ಯ 2022ರ ಪಠ್ಯಕ್ರಮವು ಸಂವಹನ ಇಂಗ್ಲಿಷ್‌ಗೆ ನೀಡಿದ್ದು ಒಂದೇ ಕ್ರೆಡಿಟ್. ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಕಲಿಸುವ ಏರ್ಪಾಡು (ಸ್ತುತ್ಯರ್ಹವೇ) ಅದರಲ್ಲಿತ್ತು. ಕನ್ನಡ ಮಾಧ್ಯಮದ ಕೋಟಾದಡಿ ಬಂದವರಿಗೆ ಮೊದಲ ಸೆಮಿಸ್ಟರಿಗೆ ಮುನ್ನವೇ ಸೇತುಬಂಧ ತರಗತಿ ನಡೆಸುವ ಹೊಣೆಯನ್ನು ಸರ್ಕಾರ ಕಾಲೇಜುಗಳಿಗೆ ವಹಿಸಬೇಕಿದೆ.