ಮೂರನೆಯ ಪ್ರಶ್ನೆ ಕೇಳುವವರು ಯಾರು?

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬಂದವನ ಮನೆಗೆ ಮೊದಲ ವಾರದಲ್ಲೇ ಇಬ್ಬರು ತಪ್ಪದೆ ಬರುತ್ತಾರೆ. ಒಬ್ಬರು ಮದುವೆ ದಲ್ಲಾಳಿ, ಇನ್ನೊಬ್ಬರು 'ಒಳ್ಳೆಯ ಬಿಸಿನೆಸ್ ಉಂಟು, ಹಣ ಹಾಕಿ' ಎನ್ನುವವರು. ಈ ಎರಡನೆಯವರು ಹೆಚ್ಚಾಗಿ ಕುಟುಂಬದವರೇ, ಇಲ್ಲದಿದ್ದರೆ ಅದೇ ಜಮಾಅತಿನವರು. ಮನೆಯವರ ಮೊದಲ ಪ್ರಶ್ನೆ, 'ಲಕ್ಷಕ್ಕೆ ತಿಂಗಳಿಗೆ ಎಷ್ಟು ಸಿಗ್ತದೆ?' ಎರಡನೆಯದು, 'ಹಲಾಲ್ ಅಲ್ವಾ?' ಅಲ್ಲಿಗೆ ಮಾತು ಮುಗಿಯಿತು. ನಷ್ಟವಾದರೆ ಏನು ಗತಿ ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ನಮ್ಮವರ ಮೇಲೆ ಸಂಶಯಪಟ್ಟ ಹಾಗಾಗ್ತದೆ ಎಂಬ ದಾಕ್ಷಿಣ್ಯ.

2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಐ.ಎಂ.ಎ. ಕಚೇರಿಯ ಮುಂದೆ ನಿಂತ ಜನಸಾಗರವನ್ನು ಓದುಗರು ಮರೆತಿರಲಿಕ್ಕಿಲ್ಲ. 2006ರಲ್ಲಿ ಶುರುವಾದ ಆ ಸಂಸ್ಥೆ ಹಣ ಹಾಕಿದವರನ್ನು ಠೇವಣಿದಾರರು ಎನ್ನಲಿಲ್ಲ, ಪಾಲುದಾರರು ಎಂದಿತು. ಕೊಟ್ಟದ್ದನ್ನು ಬಡ್ಡಿ ಎನ್ನಲಿಲ್ಲ, ಲಾಭ ಎಂದಿತು. ವರ್ಷಗಟ್ಟಲೆ ಕೊಟ್ಟಿತು ಕೂಡ. ಕೊನೆಗೆ ದೂರು ಕೊಟ್ಟವರು ಹತ್ತಾರು ಸಾವಿರ ಮಂದಿ. ಬಡ್ಡಿ ಬೇಡವೆಂದು ಬ್ಯಾಂಕಿನಿಂದ ದೂರವಿದ್ದವರೇ ಅವರಲ್ಲಿ ಬಹಳ. ಮಗಳ ಮದುವೆಗೆ ಕೂಡಿಟ್ಟದ್ದು, ನಿವೃತ್ತಿಯಾದಾಗ ಸಿಕ್ಕಿದ್ದು, ಒಡವೆ ಮಾರಿದ್ದು, ಎಲ್ಲವೂ ಅದರಲ್ಲಿತ್ತು.

ಅದರಿಂದ ನಾವು ಪಾಠ ಕಲಿತಿದ್ದೇವೆಯೇ ಎಂದರೆ, ನಮಗೆ ಅನುಮಾನ. 'ಅದು ಬೆಂಗಳೂರಿನದ್ದು, ಇವರು ನಮ್ಮ ಊರಿನವರೇ' ಎಂಬ ಮಾತು ಈಗಲೂ ಕೇಳುತ್ತೇವೆ.

ಹಲಾಲ್ ಹೌದೋ ಅಲ್ಲವೋ ಎಂಬುದು ಒಂದು ಪ್ರಶ್ನೆ. ಹಣ ಉಳಿಯುತ್ತದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಮೀನಿನ ದೋಣಿಗೆ ಹಣ ಹಾಕುವುದು ಹಲಾಲೇ, ಆದರೆ ದೋಣಿ ಖಾಲಿ ಬರಲೂಬಹುದು. ಮುದಾರಬದ ನಿಯಮವೂ ಅದೇ ಅಲ್ಲವೇ? ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭವನ್ನು ಮೊದಲೇ ಮಾತಾಡಿಕೊಂಡ ಅನುಪಾತದಲ್ಲಿ ಹಂಚಿಕೊಳ್ಳಬೇಕು. ನಷ್ಟವಾದರೆ, ದುಡಿಯುವವನ ತಪ್ಪಿಲ್ಲದಿದ್ದರೆ, ಅದು ಬಂಡವಾಳ ಹಾಕಿದವನದ್ದು. ದುಡಿದವನ ಶ್ರಮ ವ್ಯರ್ಥ. ಹೀಗಿರುವಾಗ 'ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ ಗ್ಯಾರಂಟಿ, ಅಸಲು ಸೇಫ್' ಎನ್ನುವವನು ಯಾವ ಪಾಲುದಾರಿಕೆಯ ಬಗ್ಗೆ ಹೇಳುತ್ತಿದ್ದಾನೆ? ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ನೂರಕ್ಕೆ 36. ಬಾಡಿಗೆ, ಸಂಬಳ, ತೆರಿಗೆ ಕಳೆದು, ಮಳೆಗಾಲವಿರಲಿ ಬೇಸಿಗೆಯಿರಲಿ, ತಿಂಗಳು ತಪ್ಪದೆ ಅಷ್ಟು ಹುಟ್ಟುವ ವ್ಯಾಪಾರವನ್ನು ಮಂಗಳೂರಿನ ಬಂದರಿನಲ್ಲಿ ಮೂರು ತಲೆಮಾರು ವ್ಯಾಪಾರ ಮಾಡಿದ ಯಾರಲ್ಲಾದರೂ ಕೇಳಿ ನೋಡಿ. ನಗುತ್ತಾರೆ. ವ್ಯಾಪಾರದಿಂದ ಬಾರದ ಹಣ ಮತ್ತೆಲ್ಲಿಂದ ಬರುತ್ತದೆ? ನಿಮ್ಮ ನಂತರ ಸೇರಿದವನ ಜೇಬಿನಿಂದ.

ಹಾಗಾದರೆ ಹಣ ಎಲ್ಲಿ ಹಾಕುವುದು ಎನ್ನುತ್ತೀರಿ. ಅಪಾಯವೇ ಇಲ್ಲದ ಜಾಗ ಯಾವುದೂ ಇಲ್ಲ, ಅಪಾಯದ ಜಾತಿ ಬೇರೆ ಬೇರೆ ಅಷ್ಟೆ. ಬ್ಯಾಂಕ್, ಮದ್ಯದಂಥ ಕಂಪನಿಗಳನ್ನು ಬಿಟ್ಟು ಹೂಡುವ ಮ್ಯೂಚುವಲ್ ಫಂಡ್‌ಗಳು ನಮ್ಮ ದೇಶದಲ್ಲೂ ಉಂಟು, ಸೆಬಿಯ ನಿಯಮಕ್ಕೆ ಒಳಪಟ್ಟವು. ಮಾರುಕಟ್ಟೆ ಬಿದ್ದಾಗ ಅವೂ ಬೀಳುತ್ತವೆ. 2020ರ ಜನವರಿಯಲ್ಲಿ 42 ಸಾವಿರದ ಹತ್ತಿರವಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರದ ಹತ್ತಿರ ಬಂತು. ಆ ಲೆಕ್ಕದಲ್ಲಿ ಹತ್ತು ಲಕ್ಷ ಎರಡೇ ತಿಂಗಳಲ್ಲಿ ಆರು ಲಕ್ಷ ಚಿಲ್ಲರೆ. ನವೆಂಬರ್ ಹೊತ್ತಿಗೆ ಹಳೆಯ ಎತ್ತರ ದಾಟಿತು. ಆದರೆ 2008ರ ಜನವರಿಯ ಎತ್ತರಕ್ಕೆ ಮರಳಲಿಕ್ಕೆ ಹೆಚ್ಚುಕಡಿಮೆ ಮೂರು ವರ್ಷ ಹಿಡಿದಿತ್ತು. ಕಾಯಬಲ್ಲವನಿಗೆ ಅದು ಇಳಿತ. ಏಪ್ರಿಲ್‌ನಲ್ಲಿ ಮಗಳ ಮದುವೆ ಇಟ್ಟುಕೊಂಡವನಿಗೆ ಅದು ನಷ್ಟ. ಒಮ್ಮೆ ಅರ್ಧ ಕಳೆದುಕೊಂಡರೆ ಮೊದಲಿನ ಜಾಗಕ್ಕೆ ಬರಲಿಕ್ಕೆ ಉಳಿದದ್ದು ಎರಡು ಪಟ್ಟಾಗಬೇಕು ಎಂಬುದನ್ನೂ ಮರೆಯಬಾರದು.

ಚಿನ್ನ ಬೀಳುವುದೇ ಇಲ್ಲ ಎನ್ನುವ ಉಮ್ಮಂದಿರಿಗೂ ಒಂದು ಮಾತು. 2012ರಲ್ಲಿ 10 ಗ್ರಾಂಗೆ ಸುಮಾರು 31 ಸಾವಿರವಿದ್ದದ್ದು 2015ರಲ್ಲಿ 26 ಸಾವಿರದ ಆಸುಪಾಸಿಗೆ ಇಳಿದಿತ್ತು. ಒಡವೆಯಾದರೆ ಮಜೂರಿ ಹೋದದ್ದು ಬೇರೆ.

ಎರಡು ಮೂರು ವರ್ಷದೊಳಗೆ ಬೇಕಾಗುವ ಹಣವನ್ನು ಏರಿಳಿತದ ಜಾಗದಲ್ಲಿ ಇಡಬಾರದು. ಹೆಚ್ಚು ಸಿಗದಿದ್ದರೂ ಬೇಕಾದಾಗ ಕೈಗೆ ಬರಬೇಕು. ಬ್ಯಾಂಕಿನಲ್ಲಿ ಇಟ್ಟರೂ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ ವಿಮೆ ಇದೆ ಎಂದು ತಿಳಿದಿರಲಿ. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣದ ಲೆಕ್ಕ ಬೇರೆ.

ಜಮಾಅತ್ ಕಮಿಟಿಗಳಲ್ಲಿ ನಮ್ಮದೊಂದು ವಿನಂತಿ. ಹೊಸ ಸ್ಕೀಮಿನ ಉದ್ಘಾಟನೆಗೆ ವೇದಿಕೆ ಹತ್ತುವ ಮೊದಲು ಅವರ ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ ಕೇಳಿ. ನಿಮ್ಮ ಜೊತೆ ತೆಗೆದ ಒಂದು ಫೋಟೊ ಎಷ್ಟೋ ಮನೆಗಳಲ್ಲಿ ಜಾಮೀನಿನ ಕೆಲಸ ಮಾಡುತ್ತದೆ. 2019ರಲ್ಲೇ ಬಂದ ಕೇಂದ್ರದ ಕಾಯ್ದೆಯ ಪ್ರಕಾರ ಅನಿಯಂತ್ರಿತ ಠೇವಣಿ ಯೋಜನೆ ನಡೆಸುವುದು ಮಾತ್ರವಲ್ಲ, ಅದಕ್ಕೆ ಪ್ರಚಾರ ಕೊಡುವುದೂ ನಿಷಿದ್ಧ.

ಈಗಾಗಲೇ ಹಣ ಕೊಟ್ಟವರು ರಶೀದಿ, ಕರಾರು ಪತ್ರ, ವಾಟ್ಸ್ಆಪ್ ಮೆಸೇಜ್ ಎಲ್ಲವನ್ನೂ ಒಂದೆಡೆ ತೆಗೆದಿಡಿ. ಸಂಶಯವಿದ್ದರೆ ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ದೂರು ಕೊಡಬಹುದು. ಅದಕ್ಕೂ ಮೊದಲು, ಲಾಭ ಸರಿಯಾಗಿ ಬರುತ್ತಿರುವಾಗಲೇ, ಅಸಲಿನಲ್ಲಿ ಒಂದು ಭಾಗ ವಾಪಸ್ ಕೇಳಿ. ಕೊಡಲಿಕ್ಕೆ ಎಷ್ಟು ದಿನ ಮಾಡುತ್ತಾರೆ ನೋಡಿ.