ಹವಳದ ದ್ವೀಪದ ಬಾವಿ

ಸುತ್ತಲೂ ಕಣ್ಣು ಹರಿಯುವಷ್ಟು ದೂರ ನೀರಿದ್ದರೂ ಕುಡಿಯುವ ನೀರನ್ನು ಲೆಕ್ಕವಿಟ್ಟು ಬಳಸಬೇಕಾದ ಜನರು ಅರಬ್ಬೀ ಸಮುದ್ರದಲ್ಲಿದ್ದಾರೆ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿಯುಳ್ಳವು 10. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆ 64,473. ಇವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಆದುದರಿಂದ ಈ ನೆರೆಯವರ ಕಷ್ಟವು ನಮಗೆ ದೂರದ ಮಾತಲ್ಲ.

ಹವಳದ ದ್ವೀಪದಲ್ಲಿ ಬೆಟ್ಟವಿಲ್ಲ, ನದಿಯಿಲ್ಲ. ಹವಳದ ಜೀವಿಗಳ ಸುಣ್ಣದ ಗೂಡುಗಳು ಒಡೆದು ರಾಶಿಯಾದ ಮರಳೇ ಅಲ್ಲಿಯ ನೆಲ. ಸುರಿದ ಮಳೆಯು ಇದರಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಏಕೆಂದರೆ ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 40ರಲ್ಲಿ 1 ಪಾಲು ಹೆಚ್ಚು ಭಾರ. ಹೀಗೆ ತೇಲುವ ಸಿಹಿನೀರು, ನಡುವೆ ದಪ್ಪನಾಗಿ ಅಂಚಿನಲ್ಲಿ ತೆಳ್ಳಗಾಗಿ, ಮಸೂರದ ಆಕಾರವನ್ನು ತಾಳುತ್ತದೆ. ಬಾವಿಗೆ ಒದಗುವುದು ಇದೇ ನೀರು. ಅದರ ಮಟ್ಟವು 1 ಅಂಗುಲ ಇಳಿದು ಹಾಗೆಯೇ ನಿಂತರೆ, ಕೆಳಗಿನ ಉಪ್ಪುನೀರು ತತ್ತ್ವತಃ 40 ಅಂಗುಲ ಮೇಲೇರುವುದು. ಬಿಂದಿಗೆಯಲ್ಲಿ ಸೇದಿದರೆ ಮಟ್ಟವು ಬೇಗನೆ ಸರಿಹೋಗುತ್ತದೆ. ಎಡೆಬಿಡದೆ ಎಳೆಯುವ ಪಂಪಿನಿಂದ ಹಾಗಾಗದು.

ಸಮುದ್ರದ ನೀರನ್ನೇ ಸಿಹಿಗೊಳಿಸಬಾರದೇಕೆ ಎಂದು ಕೆಲವರು ಕೇಳಬಹುದು. 2005ರಲ್ಲಿ ಕವರತ್ತಿಯಲ್ಲಿ ಸ್ಥಾಪಿತವಾದ ಯಂತ್ರಾಗಾರವು ಮೇಲಣ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದ ತಣ್ಣೀರಿನಿಂದ ಆ ಆವಿಯನ್ನು ತಂಪುಗೊಳಿಸಿ, ದಿನಕ್ಕೆ 1 ಲಕ್ಷ ಲೀಟರು ಸಿಹಿನೀರನ್ನು ಕೊಡುವಂತೆ ರಚಿತವಾಯಿತು. ಇದು ಮೆಚ್ಚತಕ್ಕ ಸಾಧನೆಯೇ ಸರಿ. ಆದರೆ ಯಂತ್ರದ ನೀರು ಮನುಷ್ಯನ ದಾಹವನ್ನು ತಣಿಸೀತೇ ಹೊರತು ತೆಂಗಿನ ಬೇರನ್ನು ತಲುಪಲಾರದು. ನೆಲದೊಳಗಿನ ಮಸೂರ ಉಪ್ಪಾದರೆ ತೋಟ ಉಳಿಯುವುದೆ?

ಆದುದರಿಂದ ಯಂತ್ರವು ಬಾವಿಗೆ ನೆರವಾಗಬೇಕೇ ಹೊರತು ಬಾವಿಯ ಸ್ಥಾನವನ್ನು ಆಕ್ರಮಿಸಬಾರದೆಂಬುದು ನಮ್ಮ ಅಭಿಪ್ರಾಯ. ಪ್ರತಿಯೊಂದು ಮಾಡಿನ ಮಳೆನೀರನ್ನೂ ತೊಟ್ಟಿಯಲ್ಲಿ ತುಂಬಿಸಬೇಕು. ಶೌಚದ ಗುಂಡಿಗಳು ಬಾವಿಯನ್ನು ಕೆಡಿಸದಂತೆ ನೋಡಿಕೊಳ್ಳಬೇಕು. ಹೊಸ ಪ್ರವಾಸಿಗೃಹಕ್ಕೆ ಅಡಿಪಾಯ ಹಾಕುವ ಮೊದಲು ಅದರ ನೀರಿನ ಲೆಕ್ಕವನ್ನು ಕೇಳಬೇಕು.

ಹವಳದ ದಿಬ್ಬವನ್ನೂ ಮರೆಯುವಂತಿಲ್ಲ. ಅಲೆಗಳ ಹೊಡೆತವನ್ನು ತಡೆಯುವ ಗೋಡೆ ಅದೇ. ಸಮುದ್ರವು ಮಿತಿಮೀರಿ ಕಾದುದರಿಂದ 1998, 2010, 2016 ಮತ್ತು 2024ರಲ್ಲಿ ಅಲ್ಲಿಯ ಹವಳಗಳು ಬಿಳಿಚಿಕೊಂಡವು. ಈ ಗೋಡೆ ಕುಸಿದರೆ ಉಪ್ಪುನೀರು ದಂಡೆಯನ್ನು ದಾಟಿ ಬಾವಿಗೇ ನುಗ್ಗೀತು. ಸಮುದ್ರವನ್ನು ಕಾಯಿಸಿದ ಹೊಗೆಯಲ್ಲಿ ದ್ವೀಪವಾಸಿಗಳ ಪಾಲು ಅತ್ಯಲ್ಪ; ದೊಡ್ಡ ನೆಲದ ಮೇಲಿರುವ ನಮ್ಮ ಪಾಲು ಅದಕ್ಕಿಂತ ಎಷ್ಟೋ ಹೆಚ್ಚು. ಅವರ ಬಾವಿಯನ್ನು ಉಳಿಸುವ ಹೊಣೆಯಲ್ಲಿಯೂ ನಮಗೆ ಅಷ್ಟೇ ಪಾಲುಂಟು.