ಕಾವ್ಯಕ್ಕೆ ಮುನ್ನವೇ ಅಗ್ರಹಾರ

ಆದಿಕವಿ ಪಂಪನಿಗೆ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನಿತ್ತನು. ‘ವಿಕ್ರಮಾರ್ಜುನ ವಿಜಯ’ವನ್ನು ಬರೆದುದಕ್ಕೆ ಸಂದ ಬಹುಮಾನವದು. ಇಂದಿನ ವಿಜ್ಞಾನಿಯ ಪಾಡು ಇದಕ್ಕೆ ವಿಪರೀತ. ಆತನಿಗೆ ಅಗ್ರಹಾರ ಮೊದಲು ಬೇಕು, ಕಾವ್ಯ ಆಮೇಲೆ. ಹಣವಿಲ್ಲದೆ ಯಂತ್ರವಿಲ್ಲ; ಯಂತ್ರವಿಲ್ಲದೆ ಪ್ರಯೋಗವಿಲ್ಲ. ಆದುದರಿಂದ ಆತನು ದೊರೆಯ ಮುಂದಿಡುವುದು ಕೃತಿಯನ್ನಲ್ಲ, ಮಾತನ್ನು.

ಆ ಮಾತಿನ ಬಲವೆಷ್ಟೆಂಬುದಕ್ಕೆ ಕ್ವಾಂಟಂ ತಂತ್ರವಿದ್ಯೆಯೇ ನಿದರ್ಶನ. ಪರಮಾಣು, ಬೆಳಕಿನ ಕಣ ಮೊದಲಾದ ಸೂಕ್ಷ್ಮ ವಸ್ತುಗಳ ವಿಚಿತ್ರ ನಡವಳಿಕೆಯನ್ನು ಲೆಕ್ಕಾಚಾರಕ್ಕೂ ಗುಪ್ತ ಸಂದೇಶಕ್ಕೂ ದುಡಿಸಿಕೊಳ್ಳುವ ವಿದ್ಯೆಯಿದು. 2016ರಲ್ಲಿ ಯೂರೋಪಿನ ವಿದ್ವಾಂಸರು ‘ಕ್ವಾಂಟಂ ಪ್ರಣಾಳಿಕೆ’ಯೊಂದನ್ನು ರಚಿಸಿ, 100 ಕೋಟಿ ಯೂರೋಗಳ ಯೋಜನೆ ಬೇಕೆಂದು ಕೇಳಿದರು. ವಿದ್ಯಾಲಯಗಳಿಂದಲೂ ಉದ್ಯಮಗಳಿಂದಲೂ 3,400ಕ್ಕೆ ಮಿಕ್ಕ ಜನ ಅದನ್ನು ಅನುಮೋದಿಸಿದರು. 2018ರಲ್ಲಿ ಅಷ್ಟೇ ಮೊತ್ತವನ್ನು ಅಂದಾಜು ಮಾಡಿದ, ಹತ್ತು ವರ್ಷಗಳ ಯೋಜನೆ ಆರಂಭವಾಯಿತು.

ನಮ್ಮಲ್ಲಿ 2020ರ ಆಯವ್ಯಯದಲ್ಲಿ ಐದು ವರ್ಷಗಳಿಗೆ 8,000 ಕೋಟಿ ರೂಪಾಯಿಗಳೆಂದು ಸಾರಲಾಯಿತು. 2023ರ ಏಪ್ರಿಲ್‌ನಲ್ಲಿ ಸಚಿವ ಸಂಪುಟವು ಒಪ್ಪಿದ್ದು ಎಂಟು ವರ್ಷಗಳಿಗೆ 6,003.65 ಕೋಟಿ. ಇದರ ನಾಲ್ಕು ಕೇಂದ್ರಗಳ ಹೊಣೆಯನ್ನೂ ವಿದ್ಯಾಸಂಸ್ಥೆಗಳೇ ಹೊತ್ತಿವೆ: ಗಣಕಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸಂಪರ್ಕಕ್ಕೆ ಮದರಾಸಿನ ಐ.ಐ.ಟಿ., ಸೂಕ್ಷ್ಮ ಮಾಪನಕ್ಕೆ ಮುಂಬಯಿಯದು, ವಸ್ತು-ಸಾಧನಗಳಿಗೆ ದೆಹಲಿಯದು.

ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಗಣಕವನ್ನು ನಿರ್ಮಿಸುವುದು ಒಂದು ಗುರಿ. ಮದುವೆಗೆ 50 ಮಂದಿಯೋ 1,000 ಮಂದಿಯೋ ಬರಬಹುದೆಂದರೆ ಅಡಿಗೆಯವನು ಏನು ಮಾಡಿಯಾನು ಎಂದು ವಾಚಕರು ನಗಬಹುದು. ಆದರೆ ಆ ಅಂತರದಲ್ಲಿ ಒಂದು ಪ್ರಾಮಾಣಿಕತೆಯೂ ಇದೆ. ಕ್ಯೂಬಿಟ್ ಬಹು ಸುಕುಮಾರ ವಸ್ತು. ಕಿಂಚಿತ್ ಕದಲಿದರೂ ಲೆಕ್ಕ ತಪ್ಪುತ್ತದೆ. ನಂಬಬಹುದಾದ ಒಂದೇ ಒಂದು ಕ್ಯೂಬಿಟ್ಟಿಗಾಗಿ ಹಲವನ್ನು ಕೂಡಿ ದುಡಿಸಬೇಕಾಗುತ್ತದೆ. ಇಂಥ ಕೆಲಸಕ್ಕೆ ಮುಹೂರ್ತವಿಡುವುದು ಸುಲಭವಲ್ಲ.

ಇಲ್ಲೊಂದು ಧರ್ಮಸೂಕ್ಷ್ಮವಿದೆ. ಯಾವುದು ಸಾಧ್ಯವೆಂದು ಸರಕಾರಕ್ಕೆ ತಿಳಿಸುವವರು ವಿದ್ವಾಂಸರು; ಹಣವನ್ನು ಪಡೆಯುವವರೂ ಬಹುಮಟ್ಟಿಗೆ ಅದೇ ಬಳಗದವರು. ಇದು ಕುಟಿಲವಲ್ಲ, ವಿಷಯವನ್ನು ಬಲ್ಲವರೇ ಕೆಲವರು. ಆದುದರಿಂದಲೇ ಅವರ ಹೊಣೆ ಇಮ್ಮಡಿ. ಆಸೆಯನ್ನು ಎಷ್ಟು ಗಟ್ಟಿಯಾಗಿ ನುಡಿದರೋ, ಸಂದೇಹವನ್ನೂ ಅಷ್ಟೇ ಗಟ್ಟಿಯಾಗಿ ನುಡಿಯಬೇಕು. ಇಲ್ಲವಾದರೆ ಇಂದಿನ ಅತಿಯಾಸೆಯ ಸಾಲವನ್ನು ನಾಳಿನ ವಿದ್ಯಾರ್ಥಿ ತೀರಿಸಬೇಕಾದೀತು. ಒಮ್ಮೆ ನಿರಾಶವಾದ ಬೊಕ್ಕಸ ಮತ್ತೆ ಬೇಗನೆ ತೆರೆಯದು.

ಪಂಪನಿಗೆ ಅರಿಕೇಸರಿ ಒಬ್ಬನೇ. ಈ ವಿಜ್ಞಾನಿಗಳಿಗಾದರೋ, ಸಾಬೂನು ಕೊಳ್ಳುವಾಗ ತೆರಿಗೆ ತೆರುವ ಪ್ರತಿಯೊಬ್ಬ ಗೃಹಿಣಿಯೂ ಅರಿಕೇಸರಿಯೇ. ಕಾವ್ಯವು ಎಲ್ಲಿಯವರೆಗೆ ಬಂತೆಂದು ಆಗಾಗ ವಿಚಾರಿಸುವ ಅಧಿಕಾರ ಆಕೆಗುಂಟು.